ಇಸಿದ್ರೊನ ಎಡಗಾಲು

ಬ್ಯಾಂಕಾಕ್
ನವೆಂಬರ್ 15, 1975

ಪ್ರೀತಿಯ ಮಾರೆ ನೋರಿಂಗ್,

ನಿಮ್ಮ ಮಗನನ್ನು ಜೋಪಾನವಾಗಿ ಇಲ್ಲಿಗೆ ಮುಟ್ಟಿಸಿದ್ದೇನೆ. ವಿಮಾನದಲ್ಲಿ ಕಿಟಕಿ ಪಕ್ಕ ಕೂರಿಸಿದರೆ ಕಣ್ಣು ಮುಚ್ಚಿ ಜಪಮಾಲೆ ಎಣಿಸುತ್ತಿದ್ದ. "ಏನೋ ಸಿದ್ರೊ, ಫಿಲಿಪ್ಪೀನ್ಸ್ ಬಾಸ್ಕೆಟ್‌ಬಾಲ್ ತಂಡದ ಗಾರ್ಡು ನೀನು, ಹಿಂಗೆ ನಡುಗ್ತೀಯಲ್ಲೋ" ಅಂದೆ. "ಚೆಂಡು ಕೊಡಿ ನಿನೋಂಗ್, ಆಮೇಲೆ ಹೆದರ್ತೀನಾ ನೋಡಿ. ಇಲ್ಲಿ ಕಾಲ ಕೆಳಗೆ ನೆಲಾನೇ ಇಲ್ವಲ್ಲ" ಅಂದ. ಇಡೀ ಸಾಲು ನಕ್ಕಿತು.

ನಕ್ಕವರಲ್ಲಿ ಇಬ್ಬರು ಬೇರೆ ಥರ ನಕ್ಕರು. ದೀಕ್ಷಾಸ್ನಾನದ ದಿನ ಅವನನ್ನು ಎತ್ತಿ ಹಿಡಿದ ಧರ್ಮಪಿತ ನಾನು, ಆ ನಂಟಿನಿಂದಲೇ ನಾನು ನಿಮಗೆ ಪಾರೆ, ನೀವು ನನಗೆ ಮಾರೆ; ಅವನು ನನ್ನನ್ನು ನಿನೋಂಗ್ ಅನ್ನದೆ ಇನ್ನೇನು ಅಂದಾನು? ಆದರೆ ಸಹಾಯಕ ಕೋಚ್ ತನ್ನ ಧರ್ಮಪುತ್ರನನ್ನು ಹಿಂಬಾಗಿಲಿನಿಂದ ತೂರಿಸಿದ್ದಾನೆ ಎಂಬ ಪಿಸುಮಾತು ಮನಿಲಾದಲ್ಲೇ ಹುಟ್ಟಿತ್ತು. ಆದ್ದರಿಂದ ಇನ್ನುಮುಂದೆ ಎಲ್ಲರೆದುರು ನನ್ನನ್ನು ಕೋಚ್ ಅನ್ನಬೇಕು ಎಂದು ಗದರಿಸಿದ್ದೇನೆ. ಮುಖ ಚಿಕ್ಕದು ಮಾಡಿಕೊಂಡ.

ಮೊದಲ ಪಂದ್ಯ ಗೆದ್ದೆವು. ನಿಮ್ಮ ಮಗ ಮೈದಾನದ ತುಂಬ ಅವನಪ್ಪ ಫೌಸ್ಟೊನೇ ಆಗಿಬಿಟ್ಟಿದ್ದ. ಅದೇ ಬಾಗು, ಅದೇ ಕಳ್ಳ ಪಾಸು. ಕೊನೆಗೆ ಯಾರದೋ ಕಾಲಿನ ಮೇಲೆ ಇಳಿದು ಎಡಗಾಲು ಸ್ವಲ್ಪ ಉಳುಕಿತು. ಏನೂ ದೊಡ್ಡದಲ್ಲ, ಗಾಬರಿ ಬೇಡ. ನಮ್ಮ ಡಾಕ್ಟರು ಅಮೆರಿಕದಲ್ಲಿ ಓದಿದವರು. ಆಟ ಮುಗಿದು ಬೆವರು ಆರುವ ಮೊದಲೇ ಬಕೆಟ್ಟಿನ ತುಂಬ ಐಸ್ ತರಿಸಿ ಅವನ ಕಾಲನ್ನು ಬಿಯರ್ ಬಾಟಲಿಯ ಹಾಗೆ ಅದರೊಳಗೆ ಇಟ್ಟರು.

ಎರಡನೆಯದು ಜಪಾನ್ ಮೇಲೆ. ಒಂದೇ ಪಾಯಿಂಟಿನಿಂದ ಸೋತೆವು. ಕೊನೆಯ ಎರಡು ಫ್ರೀ ಥ್ರೋ ಸಿದ್ರೊನ ಕೈಯಲ್ಲಿದ್ದವು, ಎರಡೂ ಹೋದವು. ಬೆಂಚಿನಿಂದಲೇ ಕಾಣುತ್ತಿತ್ತು, ಹುಡುಗನ ಕೈ ನಡುಗುತ್ತಿತ್ತು. ವಯಸ್ಸು ಇಪ್ಪತ್ತೊಂದು, ಮೊದಲ ಪರದೇಶ, ನಡುಗದೆ ಏನು ಮಾಡೀತು!

ಟೂರ್ನಿ ಮುಗಿದ ಮೇಲೆ ಎಲ್ಲ ಹುಡುಗರ ಆಟವನ್ನೂ ತೂಗಿ ಬರೆದುಕೊಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಮುಂದಿನ ವರ್ಷದ ತಂಡ ಆರಿಸುವುದು ಆ ಕಾಗದ ನೋಡಿಯೇ. ಸಂತ ಗೇಬ್ರಿಯಲ್‌ಗೆ ಮೇಣದಬತ್ತಿ ಹಚ್ಚುವಾಗ ಮಗನಿಗೊಂದು ಹಚ್ಚಿದರೆ ನನಗೂ ಒಂದು ಹಚ್ಚಿ.

ನಿಮ್ಮ ಪಾರೆ,
ಸಾಂತೊ

*

ಸಾನ್ ಗೇಬ್ರಿಯಲ್, ಬಟಾಂಗಸ್
ನವೆಂಬರ್ 20

ಪ್ರೀತಿಯ ಪಾರೆ ಸಾಂತೊ,

ಕಾಗದ ಬಂತು. ಪಕ್ಕದ ಮನೆಯ ಪಾಸಿಂಗ್‌ಳ ಅಂಗಡಿ ಮುಂದೆ ಗಟ್ಟಿಯಾಗಿ ಓದಿದೆ. ಬಿಯರ್ ಬಾಟಲಿಯ ಸಾಲು ಬಂದಾಗ ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ.

ಜಪಾನಿನ ಪಂದ್ಯವನ್ನು ಅವಳ ರೇಡಿಯೋದಲ್ಲೇ ಕೇಳಿದ್ದೆವು. ಚಾಪೆಲ್ ಪಕ್ಕದ ಕೋರ್ಟಿನ ಮೇಲೆ ಭತ್ತ ಒಣಗಲು ಹಾಕಿತ್ತು. ಹುಡುಗರೆಲ್ಲ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಭತ್ತದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಎರಡನೆಯದೂ ತಪ್ಪಿತು ಎಂದು ರೇಡಿಯೋದವನು ಕೂಗಿದಾಗ ಪಾಸಿಂಗ್ "ಅಯ್ಯೋ, ಫೌಸ್ಟೊನ ಮಗನೂ ಹಂಗೇ ಆದ್ನಲ್ಲೇ" ಅಂದಳು. ಆ ಹೆಂಗಸಿನ ಬಾಯಿಗೆ ಬೀಗ ಇಲ್ಲ. ಆದರೆ ಅವಳು ಅಂದದ್ದು ನನ್ನ ಎದೆಯಲ್ಲಿ ಆಗಲೇ ಇತ್ತು.

ನೀವು ಮರೆತಿರಬಹುದು, ನಾನು ಮರೆತಿಲ್ಲ. ಪ್ರಾಂತ್ಯದ ಫೈನಲ್ ಗೆದ್ದ ದಿನ ಫೌಸ್ಟೊ ಹಬೆಯಾಡುವ ಮೈಯಲ್ಲಿ ಹೊಳೆಗೆ ಹಾರಿದರು. ಆಮೇಲೆ ಅವರ ಕೈ ನೆಟ್ಟಗೆ ನಿಲ್ಲಲೇ ಇಲ್ಲ. ಸಾಯುವ ತನಕ ಕಾಫಿ ಲೋಟ ಎರಡು ಕೈಯಲ್ಲಿ ಹಿಡಿಯುತ್ತಿದ್ದರು.

ಒಂದು ಮಾತು ಕೇಳುತ್ತೇನೆ, ಸರಿಯಾಗಿ ಬರೆಯಿರಿ. ಸಿದ್ರೊನ ಕೈ ನಡುಗಿದ್ದು ಬಕೆಟ್ಟಿನ ಮುಂಚೆಯೋ, ಆಮೇಲೋ? ದಿನಾ ಹಾಕುತ್ತಾರೋ ಆ ಐಸು?

ಇದರೊಳಗೆ ಮಡಿಸಿದ ಚೀಟಿಯಿದೆ. ಅದು ಅವನಿಗೆ, ನೀವು ಓದಬೇಡಿ. ತಾಯಿ ಮಗನ ಮಾತು. ಓದಿದರೆ ನಗುತ್ತೀರಿ. ಮನಿಲಾದಲ್ಲಿ ಇಷ್ಟು ವರ್ಷ ಇದ್ದು ನಿಮಗೆ ನಮ್ಮ ಮಾತೆಲ್ಲ ನಗೆಯಾಗಿದೆ. ಊರವರ ಉಳುಕು ತೆಗೆಯುವ ನಾನು ನಿಮ್ಮ ಅಮೆರಿಕದ ಡಾಕ್ಟರಿಗೆ ಎದುರಾಡುವವಳಲ್ಲ. ಎಷ್ಟಾದರೂ ತಾಯಿ, ಎರಡು ಸಾಲು ಬರೆಯದೆ ಇರಲಾಗಲಿಲ್ಲ.

ಮೇಣದಬತ್ತಿ ಇಬ್ಬರಿಗೂ ಹಚ್ಚಿದ್ದೇನೆ. ನಿಮ್ಮದು ಬೇಗ ಆರಿತು, ಗಾಳಿಯಿತ್ತು.

ನೋರಿಂಗ್

*

ಬ್ಯಾಂಕಾಕ್
ನವೆಂಬರ್ 25

ಪ್ರೀತಿಯ ಮಾರೆ,

ಚೀಟಿಯನ್ನು ಬಿಚ್ಚದೆ ನಾನೇ ಅವನ ಕೈಗೆ ಕೊಟ್ಟೆ. ನಿಂತಲ್ಲೇ ಓದಿ ಮಡಿಸಿ ಜೇಬಿಗೆ ಹಾಕಿಕೊಂಡ. "ಏನಂತಾರೋ ಅಮ್ಮ, ನಿನ್ನ ಇನಾಯ್?" ಅಂದರೆ "ಚೆನ್ನಾಗಿ ಊಟ ಮಾಡು ಅಂದಿದಾರೆ ಕೋಚ್" ಅಂದ. ನಾನು ಹೇಳದೆಯೇ ಕೋಚ್ ಅಂದದ್ದು ಅದೇ ಮೊದಲು. ಒಳ್ಳೆಯದೇ ಆಯಿತು ಎನ್ನಿಸಿತು.

ನೀವು ಅದರಲ್ಲಿ ಏನು ಮಂತ್ರ ಬರೆದಿರೋ, ಮರುದಿನದ ಪಂದ್ಯದಲ್ಲಿ ಆರಕ್ಕೆ ಆರು ಫ್ರೀ ಥ್ರೋ ಒಳಗೆ! ಕೈ ಕಲ್ಲಿನ ಹಾಗೆ ನಿಂತಿತ್ತು. ಉಳಿದ ಹುಡುಗರಿಗೂ ಒಂದೊಂದು ಚೀಟಿ ಬರೆದು ಕಳಿಸಿ, ಕಪ್ ನಮ್ಮದೇ.

ನೀವು ಕೇಳಿದ್ದಕ್ಕೆ: ಕೈ ನಡುಗಿದ್ದು ಬಕೆಟ್ಟಿನ ಮಾರನೆಯ ದಿನ. ಐಸು ಪ್ರತಿ ಸಂಜೆ ಅವನ ಕೋಣೆಗೆ ಹೋಗುತ್ತದೆ. ಡಾಕ್ಟರನ್ನು ವಿಚಾರಿಸಿದೆ. "ಬಕೆಟ್ ಹೋಗ್ತಿದೆ, ಖಾಲಿಯಾಗಿ ಬರ್ತಿದೆ, ಹುಡುಗ ನೋವು ಅಂತಿಲ್ಲ" ಅಂದರು. ಆ ಚಿಂತೆ ಬಿಡಿ.

ನನ್ನ ಚಿಂತೆ ಬೇರೆ. ಕೈ ಸರಿಯಾಯಿತು, ಆದರೆ ಓಟ ನಿಧಾನವಾಗಿದೆ. ಎಡಗಡೆಯಿಂದ ಯಾರು ನುಗ್ಗಿದರೂ ಬಾಗಿಲು ತೆಗೆದು ನಿಂತ ಮನೆಯವನ ಹಾಗೆ ಬಿಡುತ್ತಾನೆ. ಕೊರಿಯಾದ ಗಾರ್ಡ್ ಅದನ್ನು ಕಂಡುಹಿಡಿದು ಅಲ್ಲಿಂದಲೇ ಬಂದ, ಮತ್ತೆ ಮತ್ತೆ ಬಂದ. ಅಭ್ಯಾಸದಲ್ಲೂ ಹಿಂದೆ ಉಳಿಯುತ್ತಾನೆ. "ಕಾಲು ಹೇಗಿದೆಯೋ?" ಅಂದೆ. "ಚೆನ್ನಾಗಿದೆ ಕೋಚ್." ಮತ್ತೆ ಅದೇ ಮಾತು.

ಮೊನ್ನೆ ಹೋಟೆಲಿನ ಕೆಳಗೆ ಸಂಬಳ ಕೊಟ್ಟು ಆಡಿಸುವ ಮನಿಲಾದ ಒಂದು ಕ್ಲಬ್ಬಿನ ಮನುಷ್ಯನ ಜೊತೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಮಾರೆ, ನಿಜ ಹೇಳಿ, ಆ ಕ್ಲಬ್ಬಿನವರು ನಿಮ್ಮ ಮನೆಗೂ ಬಂದಿದ್ದರಾ? ಹುಡುಗರ ತಲೆ ತಿರುಗುವುದು ಹೀಗೇ. ಕ್ಲಬ್ಬಿಗಾಗಿ ಮೈ ಉಳಿಸಿಕೊಳ್ಳುತ್ತಾರೆ, ದೇಶಕ್ಕಾಗಿ ಅರ್ಧ ಓಡುತ್ತಾರೆ.

ಇದನ್ನು ಪಾಸಿಂಗ್‌ಳ ಅಂಗಡಿಯಲ್ಲಿ ಓದಬೇಡಿ.

ಸಾಂತೊ

*

ಸಾನ್ ಗೇಬ್ರಿಯಲ್
ನವೆಂಬರ್ 29

ಪಾರೆ,

ಓದಿದೆ! ಅಂಗಡಿ ಮುಂದೆಯೇ ಓದಿದೆ! ಕೆಳಗಿನ ಅರ್ಧ ಬಿಟ್ಟು ಓದಿದೆ. ಆರಕ್ಕೆ ಆರು ಅಂದಾಗ ಪಾಸಿಂಗ್‌ಳ ಮುಖ ನೋಡಬೇಕಿತ್ತು ನೀವು.

ಈಗ ಹೇಳಬಹುದು. ಅವನಿಗಾಗಿದ್ದು ಪಸ್ಮಾ. ಬಿಸಿ ಮೈಗೆ ತಣ್ಣಗಿನದು ತಾಗಿ ನರ ಹಿಡಿದುಕೊಂಡಿತ್ತು, ಅದಕ್ಕೇ ಕೈ ನಡುಗಿತ್ತು. ಹೊರಡುವ ದಿನ ಅವನ ಚೀಲದಲ್ಲಿ ನನ್ನ ಶುಂಠಿ ಹಾಕಿದ ಕೊಬ್ಬರಿ ಎಣ್ಣೆ ಇಟ್ಟಿದ್ದೆ. ಅದನ್ನು ಹಚ್ಚಿಕೋ ಅಂತ ನೆನಪಿಸಿದೆ, ಅಷ್ಟೇ. ಸಮುದ್ರದಾಚೆಯ ಪಸ್ಮಾವನ್ನು ಇಲ್ಲಿ ಕೂತು ಬಿಡಿಸಿದಳು ನೋರಿಂಗ್ ಅಂತ ಊರೆಲ್ಲ ಮಾತು. ನಿನ್ನೆ ಪಕ್ಕದ ಊರಿನಿಂದ ಮೂರು ಜನ ಬಂದು ಕೈ ಚಾಚಿ ಕೂತರು. ನಗಬೇಡಿ. ನೀವು ನಗುತ್ತಿದ್ದೀರಿ, ನನಗೆ ಗೊತ್ತು.

ಕ್ಲಬ್ಬಿನ ಮನುಷ್ಯ ಬಂದಿದ್ದ, ಹೌದು. ಬಿಸ್ಕತ್ತಿನ ಡಬ್ಬಿ ತಂದಿದ್ದ. "ಅವನ ನಿನೋಂಗ್ ಅನ್ನು ಕೇಳದೆ ನಮ್ಮನೇಲಿ ಏನೂ ನಡೆಯಲ್ಲ ಕಣಪ್ಪಾ" ಅಂತ ಕಾಫಿ ಕೊಟ್ಟು ಕಳಿಸಿದೆ. ಕೇಳದೆ ಒಪ್ಪಿಬಿಟ್ಟೆವು ಅಂತ ನಿಮಗೆ ಸಿಟ್ಟು ಬಂದಿದೆಯೇ? ಎಂಥ ಮಾತು ಪಾರೆ! ಬಿಸ್ಕತ್ತು ಮಾತ್ರ ತಿಂದೆವು.

ಓಟ ನಿಧಾನ ಅಂದಿರಲ್ಲ, ರೇಡಿಯೋದವನೂ ಹಾಗೇ ಅನ್ನುತ್ತಾನೆ. "ಇಸಿದ್ರೊ ತಡ, ಮತ್ತೆ ತಡ." ಅವನ ನಾಲಗೆ ತಡವೇ ಹೊರತು ನನ್ನ ಮಗನಲ್ಲ. ಎಣ್ಣೆ ತಿಕ್ಕಿಕೊಂಡವನ ಮೈ ಮೊದಲು ಸಡಿಲವಾಗುತ್ತದೆ, ಆಮೇಲೆ ಬಿಗಿಯುತ್ತದೆ. ಸೆಮಿಫೈನಲ್ ಹೊತ್ತಿಗೆ ನೋಡಿ.

ನೋರಿಂಗ್

*

ಬ್ಯಾಂಕಾಕ್
ಡಿಸೆಂಬರ್ 2

ಮಾರೆ,

ಸೆಮಿಫೈನಲ್ ಸೋತೆವು. ಇವತ್ತು ಮೂರನೇ ಸ್ಥಾನದ ಪಂದ್ಯವೂ ಹೋಯಿತು. ನಾಲ್ಕನೆಯವರಾಗಿ ಬರುತ್ತಿದ್ದೇವೆ. ಏಷ್ಯಾದಲ್ಲಿ ನಾಲ್ಕನೆಯವರಾಗಿ ಬರುವವರಿಗೆ ನಮ್ಮ ಜನ ಮನಿಲಾದಲ್ಲಿ ಹೂಮಾಲೆ ಹಿಡಿದು ನಿಂತಿರುವುದಿಲ್ಲ.

ವಿಮರ್ಶೆ ಬರೆದು ಮುಗಿಸಿದೆ. ಎಲ್ಲರದೂ ಬರೆದಿದ್ದೇನೆ, ಯಾರ ಮುಖವನ್ನೂ ನೋಡದೆ ಬರೆದಿದ್ದೇನೆ. ಮುಖ್ಯ ಕೋಚ್ ಓದಿ, "ಸಾಂತೊ, ಇನ್ನು ನಿನ್ನ ಕಡೆ ಬೆರಳು ತೋರಿಸೋರು ಯಾರೂ ಇಲ್ಲ" ಅಂದರು. ಅವರು ಯಾವುದಕ್ಕೆ ಹಾಗೆಂದರು ಎಂದು ಈಗ ಕೇಳಬೇಡಿ.

ಹುಡುಗ ಚೆನ್ನಾಗಿದ್ದಾನೆ. ಹೆಚ್ಚು ಮಾತಾಡುವುದಿಲ್ಲ. ಐದನೇ ತಾರೀಕು ಮನಿಲಾ ತಲುಪುತ್ತೇವೆ. ಎರಡು ದಿನ ಅಲ್ಲಿದ್ದು ಬಸ್ಸು ಹತ್ತುತ್ತಾನೆ.

ಫೌಸ್ಟೊ ಇದ್ದಿದ್ದರೆ ನಾನು ಬರೆದದ್ದನ್ನು ಒಪ್ಪುತ್ತಿದ್ದ ಎಂದೇ ನನ್ನ ನಂಬಿಕೆ.

ಸಾಂತೊ

*

ಸಾನ್ ಗೇಬ್ರಿಯಲ್
ಡಿಸೆಂಬರ್ 7

ಶ್ರೀ ಕ್ರಿಸಾಂತೊ ವಿಯಾರುಯೆಲ್ ಅವರಿಗೆ,

ಪತ್ರಿಕೆ ನಮ್ಮೂರಿಗೂ ಬರುತ್ತದೆ ಸ್ವಾಮೀ. ಒಂದು ದಿನ ತಡವಾಗಿ ಬರುತ್ತದೆ, ಅಷ್ಟೇ. ನಿಮ್ಮ ಗುಟ್ಟಿನ ವಿಮರ್ಶೆ ಹೇಗೋ ಅದರ ಕೈಗೆ ಸಿಕ್ಕಿದೆ. ಹೊಗಳಿದ್ದನ್ನೆಲ್ಲ ಬಿಟ್ಟು ಒಂದೇ ಒಂದನ್ನು ಚೌಕಟ್ಟು ಹಾಕಿ ಅಚ್ಚು ಮಾಡಿದ್ದಾರೆ.

"ಇಸಿದ್ರೊ: ಪ್ರತಿಭೆಯಿದೆ, ಎದೆಯಿಲ್ಲ. ಮೈಗಳ್ಳ. ಎದುರಾಳಿ ಪಕ್ಕದಲ್ಲೇ ಹಾದುಹೋದರೂ ಕಾಲೆತ್ತುವುದಿಲ್ಲ. ರಾಷ್ಟ್ರೀಯ ತಂಡಕ್ಕೆ ಮತ್ತೆ ಪರಿಗಣಿಸಬಾರದು."

ಪಾಸಿಂಗ್ ಕೂಗಿ ಓದಲಿಲ್ಲ. ಅದೇ ಹೆಚ್ಚು ಉರಿಯಿತು. ಪತ್ರಿಕೆ ಮಡಿಸಿ ನನ್ನ ಕೈಗಿಟ್ಟು ಒಳಗೆ ಹೋದಳು. ಕೋರ್ಟಿನಲ್ಲಿ ಹುಡುಗರು ಆಡುತ್ತಿದ್ದರು. ಪಾಸು ಬಿಟ್ಟ ಒಬ್ಬನಿಗೆ ಇನ್ನೊಬ್ಬ "ಲೇ ಇಸಿದ್ರೊ, ಕಾಲೆತ್ತೋ!" ಅಂದ. ನನ್ನನ್ನು ನೋಡಿ ಎಲ್ಲರೂ ಚೆಂಡು ಎತ್ತಿಕೊಂಡು ಆಚೆ ಸರಿದರು.

ಇಪ್ಪತ್ತೊಂದು ವರ್ಷದ ಹಿಂದೆ ಆ ಚಾಪೆಲ್ಲಿನಲ್ಲೇ ನೀವು ಅವನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿರಿ. ತಂದೆಯಿಲ್ಲದ ಹೊತ್ತಿನಲ್ಲಿ ನಾನೇ ತಂದೆ ಅಂತ ಪಾದ್ರಿಯ ಮುಂದೆ ಬಾಯಿಬಿಟ್ಟು ಹೇಳಿದಿರಿ. ಇದೇನಾ ಆ ಮಾತು? ಪರರ ಮಕ್ಕಳಿಗೆ ಇಷ್ಟು ಕಟುವಾಗಿ ಬರೆದಿದ್ದೀರಾ? ಧರ್ಮಪುತ್ರನಿಗೆ ಪಕ್ಷಪಾತ ಮಾಡಲಿಲ್ಲ ಅನ್ನಿಸಿಕೊಳ್ಳುವುದಕ್ಕೆ ನನ್ನ ಮಗನ ಬೆನ್ನೇ ಬೇಕಾಗಿತ್ತಾ ನಿಮಗೆ?

ಮೈಗಳ್ಳನಂತೆ! ನಾಲ್ಕು ವರ್ಷದವನಿದ್ದಾಗ ಭತ್ತ ತೆಗೆಯುವ ತನಕ ಕೋರ್ಟಿನ ಅಂಚಿನಲ್ಲಿ ಚೆಂಡು ತಬ್ಬಿಕೊಂಡು ನಿದ್ದೆ ಹೋಗುತ್ತಿದ್ದ. ಅವನನ್ನು ಮನೆಗೆ ಎತ್ತಿ ತರುತ್ತಿದ್ದವರು ನೀವೇ.

ಅವನು ಇನ್ನೂ ಬಂದಿಲ್ಲ. ಮುಖ ತೋರಿಸಲು ನಾಚಿ ಅಲ್ಲೇ ಎಲ್ಲೋ ಉಳಿದಿದ್ದಾನೆ. ಅವನಿಗೇನಾದರೂ ಆದರೆ ನಾನು ನಿಮ್ಮನ್ನು ಕ್ಷಮಿಸುವವಳಲ್ಲ. ಇನ್ನು ನನಗೆ ಬರೆಯಬೇಡಿ.

ಲಿಯೊನೋರ

*

ಮನಿಲಾ
ಡಿಸೆಂಬರ್ 8

ಮಾರೆ ನೋರಿಂಗ್,

ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಪತ್ರಿಕೆಯನ್ನು ನೀವು ನೋಡಿಯೇ ಇರುತ್ತೀರಿ. ನನ್ನನ್ನು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಮನಿಲಾದಲ್ಲಿ ವಿಮಾನದ ಮೆಟ್ಟಿಲಿಳಿಯುವಾಗ ಸಿದ್ರೊ ನಡುವೆಯೇ ನಿಂತುಬಿಟ್ಟ. ಹಿಂದಿನವರು "ನಡಿಯೋ" ಅಂದರೂ ಕದಲಲಿಲ್ಲ. ಹೆಗಲು ಕೊಟ್ಟು ಇಳಿಸಿದೆವು. ಅಲ್ಲೇ ಕೂರಿಸಿ ಡಾಕ್ಟರು ಕಾಲುಚೀಲ ತೆಗೆದರು. ಎಡ ಪಾದದ ಗಂಟು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಎಲುಬು ಹಿಡಿದಿಡುವ ಕಟ್ಟು ಹರಿದಿದೆ, ಮೊದಲ ದಿನದ ಉಳುಕಿನ ಮೇಲೇ ಎರಡು ವಾರ ಓಡಿದ್ದಾನೆ ಎಂದರು. ಕೊರಿಯಾದವನು ಎಡಗಡೆಯಿಂದ ನುಗ್ಗಿದಾಗ ಇವನು ಕಾಲೆತ್ತಲಿಲ್ಲ ಅಂತ ಬರೆದೆನಲ್ಲ, ಎತ್ತಲು ಕಾಲೇ ಇರಲಿಲ್ಲ ಮಾರೆ. ಅದರ ಮೇಲೆ ಅವನು ನಿಂತಿದ್ದದ್ದೇ ಹೆಚ್ಚು. ಮೂವತ್ತು ವರ್ಷದಿಂದ ಈ ಆಟ ನೋಡುತ್ತಿರುವವನು, ನನಗೆ ಅದು ಕಾಣಲಿಲ್ಲ.

"ದಿನಾ ಐಸ್ ಕಳ್ಸಿದೀನಿ, ಇದು ಹೆಂಗಾಯ್ತು?" ಎಂದು ಡಾಕ್ಟರು ಕೂಗಾಡಿದರು. ಆಗ ಅವನ ಕೋಣೆಯ ಜೊತೆಗಾರ ಬಾಯಿಬಿಟ್ಟ. ಬಕೆಟ್ಟು ಬಂದ ಕೂಡಲೇ ಸಿದ್ರೊ ಅದನ್ನು ಬಚ್ಚಲಿಗೆ ಸುರಿಯುತ್ತಿದ್ದನಂತೆ. ಆಮೇಲೆ ಎಂಥದೋ ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು, ನೋವಿಗೆ ದಿಂಬು ಕಚ್ಚಿಕೊಂಡು ಮಲಗುತ್ತಿದ್ದನಂತೆ.

"ಯಾಕೋ ಸುರಿದೆ?" ಅಂದೆ. ಕಾಲುಚೀಲವನ್ನು ಮತ್ತೆ ಎಳೆದುಕೊಳ್ಳತೊಡಗಿದ. "ಯಾರು ಹೇಳಿದ್ರೋ?" ಅಂದೆ. "ಬಿಡಿ ನಿನೋಂಗ್. ಮೈಗಳ್ಳ ಅಂತಾನೇ ಇರ್ಲಿ" ಅಂದ. ನಾನು ಬರೆದದ್ದು ಆಗಲೇ ಅವನ ಕಿವಿಗೆ ಬಿದ್ದಿತ್ತು. ಎಷ್ಟೋ ದಿನದ ಮೇಲೆ ನಿನೋಂಗ್ ಅಂದ. ನನಗೆ ಅಳು ತಡೆಯಲಾಗಲಿಲ್ಲ.

ನಿಮ್ಮ ಚೀಟಿಯಲ್ಲಿ ಏನಿತ್ತು? ಬ್ಯಾಂಕಾಕಿನಿಂದ ಕೈ ನಡುಗಿದ ಸುದ್ದಿ ಬರೆದವನು ನಾನು, ಚೀಟಿ ಒಯ್ದು ಕೊಟ್ಟವನೂ ನಾನೇ. ಗದರಿಸುವುದಕ್ಕೆ ಕೇಳುತ್ತಿಲ್ಲ. ಹದಿನೈದಕ್ಕೆ ತಂಡ ಆರಿಸುವ ಸಮಿತಿ ಸೇರುತ್ತದೆ. ನನ್ನ ಕಾಗದ ಅವರ ಮೇಜಿನ ಮೇಲಿದೆ. ಮೈಗಳ್ಳ ಎಂಬುದನ್ನು ನಾನು ಹೊಡೆದುಹಾಕಿಸಬಲ್ಲೆ. ಆದರೆ ಆ ಜಾಗದಲ್ಲಿ ಡಾಕ್ಟರು "ಹೇಳಿದ ಮಾತು ಕೇಳದವನು" ಅಂತ ಬರೆಸುತ್ತಾರೆ, ಅದು ಇನ್ನೂ ಕೆಟ್ಟದ್ದು. ಹುಡುಗ ಬಾಯಿ ಬಿಡುವುದಿಲ್ಲ. ಕಾರಣ ಬೇಕು ನನಗೆ.

ಹೇಳಿದರೆ ಊರಿನಲ್ಲಿ ನಿಮಗೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಬಲವಂತವಿಲ್ಲ. ನಾಳೆ ಅವನನ್ನು ಬಸ್ಸಿಗೆ ಹತ್ತಿಸುತ್ತೇನೆ.

ಸಾಂತೊ

*

ಸಾನ್ ಗೇಬ್ರಿಯಲ್
ಡಿಸೆಂಬರ್ 11

ಪಾರೆ,

ಬರೆಯಬೇಡಿ ಅಂದಿದ್ದೆ. ಆ ಕಾಗದವನ್ನು ಒಲೆಗೆ ಹಾಕಿ.

ಬಸ್ಸಿನಿಂದ ಅವನನ್ನು ಇಬ್ಬರು ಇಳಿಸಿದರು. ಕಾಲು ನೋಡಿ ನಾನು ಕೂತೇಬಿಟ್ಟೆ. ಎಷ್ಟು ಉಳುಕು ತೆಗೆದ ಕೈ ಇದು! ಮುಟ್ಟಿದ ಕೂಡಲೇ ಗೊತ್ತಾಯಿತು, ಒಳಗೆ ಹಿಡಿದುಕೊಳ್ಳಲು ಏನೂ ಇಲ್ಲ. "ಯಾಕೋ ಮಗನೇ ನಂಗೆ ಬರೀಲಿಲ್ಲ?" ಅಂದೆ. "ಕೈ ನಡುಗ್ಲಿಲ್ವಲ್ಲ ಇನಾಯ್, ನಿಮ್ಮ ಎಣ್ಣೆ ಸರಿಯಾಗೇ ಇತ್ತು" ಅಂದ. ನನ್ನನ್ನು ಸಮಾಧಾನ ಮಾಡುತ್ತಿದ್ದ ಪಾರೆ, ಅವನು ನನ್ನನ್ನು!

ಚೀಟಿಯಲ್ಲಿ ಇದ್ದದ್ದು ಇಷ್ಟು. ಸಮಿತಿಗೆ ಹೀಗೆಯೇ ಓದಿ ಹೇಳಿ: "ಬಿಸಿ ಮೈಗೆ ಐಸು ಮುಟ್ಟಿಸಬೇಡ ಕಂದಾ, ಅಪ್ಪನ ಕೈ ನೆನಪಿರಲಿ. ಡಾಕ್ಟರಿಗೆ ಎದುರಾಡಬೇಡ, ಬಕೆಟ್ಟು ತಗೊಂಡು ಚೆಲ್ಲಿಬಿಡು. ಎಣ್ಣೆ ಹಚ್ಚು. ನೋವಾದರೆ ಹಲ್ಲು ಕಚ್ಚಿಕೋ, ಎರಡು ದಿನದಲ್ಲಿ ಇಳಿಯುತ್ತದೆ. ನಿನೋಂಗ್‌ಗೆ ಹೇಳಬೇಡ." ಅವನು ಎಲ್ಲ ಮಾತನ್ನೂ ಕೇಳಿದ. ಮಾತು ಕೇಳದವನು ಅಂತ ಯಾರೂ ಬರೆಯಕೂಡದು. ತಾಯಿಯ ಮಾತು ಕೇಳಿದ ಅಂತ ಬರೆಯಲಿ, ಲಿಯೊನೋರ ಅಂತ ನನ್ನ ಹೆಸರು ಹಾಕಿ ಬರೆಯಲಿ.

ನಿಮ್ಮ ಡಾಕ್ಟರು ಅವನ ಕೈಯಲ್ಲಿ ಚೀಟಿ ಕೊಟ್ಟಿದ್ದರು, ಊತ ಇಳಿಯುವ ತನಕ ದಿನಕ್ಕೆ ಮೂರು ಸಲ ಐಸು ಅಂತ. ಈ ಸಲ ಚೆಲ್ಲಲಿಲ್ಲ. ನಿನ್ನೆ ಮಧ್ಯಾಹ್ನ ಬಕೆಟ್ಟು ಹಿಡಿದು ಪಾಸಿಂಗ್‌ಳ ಅಂಗಡಿಗೆ ಹೋದೆ. "ಏನೇ ನೋರಿಂಗ್, ಇಷ್ಟೊಂದು ಐಸು? ಮಗ ಬಂದ ಅಂತ ಊರಿಗೆಲ್ಲ ಹಾಲೋಹಾಲೋ ಸಿಹಿ ಮಾಡಿ ಹಂಚ್ತೀಯಾ?" ಅಂದಳು. "ಅವನ ಕಾಲಿಗೆ ಕಣೇ" ಅಂದೆ. ಅವಳ ಕೈಯಲ್ಲಿದ್ದ ಐಸಿನ ಚೀಲ ಹಾಗೇ ನಿಂತಿತು.

ಒಳಗೆ ಮಾಡಬಹುದಿತ್ತು. ಮಾಡಲಿಲ್ಲ. ಅಂಗಳದ ಬೆಂಚಿನ ಮೇಲೆ ಕೈ ತೋರಿಸಲು ಬಂದವರು ಐದಾರು ಜನ ಕಾದಿದ್ದರು. ಅದರಲ್ಲೊಬ್ಬಳ ಭುಜ ತಿಕ್ಕಿ ಆಗಷ್ಟೇ ಎದ್ದಿದ್ದೆ, ನನ್ನ ಕೈ ಕೆಂಡದ ಹಾಗೆ ಬಿಸಿಯಿತ್ತು. ಮಗನನ್ನು ಅವರೆದುರೇ ಕೂರಿಸಿ ಕಾಲನ್ನು ಬಕೆಟ್ಟಿಗೆ ಇಳಿಸಿದೆ. ಕಾಲು ಎಳೆದುಕೊಂಡ. ನಾನು ಎರಡೂ ಕೈಯನ್ನು ಐಸಿನೊಳಗೆ ಹಾಕಿ ಅವನ ಪಾದ ಹಿಡಿದುಕೊಂಡೆ. "ಅಯ್ಯಯ್ಯೋ, ನಿನ್ನ ಕೈ ಕಣೇ! ಆ ಕೈ ಹೋದ್ರೆ ನಿಂಗೇನಿದೆಯೇ?" ಅಂತ ಪಾಸಿಂಗ್ ತನ್ನ ಅಂಗಡಿ ಬಾಗಿಲಿನಿಂದ ಚೀರಿದಳು. ಬಿಡಲಿಲ್ಲ. ಮರಗಟ್ಟುವ ತನಕ ಹಿಡಿದಿದ್ದೆ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು.

ಅಕ್ಷರ ಸೊಟ್ಟಗಿದ್ದರೆ ಕೈ ನಡುಗುತ್ತಿದೆ ಅಂದುಕೊಳ್ಳಬೇಡಿ, ಅಳುತ್ತಾ ಬರೆಯುತ್ತಿದ್ದೇನೆ. ಕೈ ನೆಟ್ಟಗಿದೆ. ಇಷ್ಟು ವರ್ಷ ಹೆದರಿದ್ದು ಯಾವುದೂ ಆಗಲಿಲ್ಲ ಅನ್ನುವುದೇ ಹೊಟ್ಟೆಗೆ ಬೆಂಕಿ ಇಟ್ಟ ಹಾಗಿದೆ.

ಬಸ್ಸಿನ ಡ್ರೈವರನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ಹದಿನೈದರೊಳಗೆ ಮುಟ್ಟಬೇಕು.

ನಿಮ್ಮ ಮಾರೆ,
ನೋರಿಂಗ್

*

ಮನಿಲಾ
ಡಿಸೆಂಬರ್ 15

ಪ್ರೀತಿಯ ಮಾರೆ,

ಸಭೆಯಿಂದ ಈಗಷ್ಟೇ ಬಂದೆ. ನಿಮ್ಮ ಕಾಗದ ನಿನ್ನೆಯೇ ತಲುಪಿತ್ತು.

ಓದಿದೆ. ಚೀಟಿಯ ಮಾತು ಬಂದಾಗ ಕೆಲವರು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಸಮಿತಿಯ ಅಧ್ಯಕ್ಷರು. ಟೆನಿಸ್ ಆಡಿ ನೇರ ಸಭೆಗೆ ಬಂದಿದ್ದರು, ಕತ್ತಿನ ಮೇಲೆ ಇನ್ನೂ ಟವೆಲ್ಲಿತ್ತು. "ಪಸ್ಮಾ ಅಂತೆ! ಯಾವ ಕಾಲದಲ್ಲಿದೀರ್ರೀ? ಇಂಥ ಅಜ್ಜಿಕತೆಗೆ ರಾಷ್ಟ್ರೀಯ ತಂಡದ ಜಾಗ ಕಾದಿಡೋಕಾಗುತ್ತಾ?" ಎಂದರು. ನನಗೆ ತಡೆಯಲಾಗಲಿಲ್ಲ, ಮೇಜು ಗುದ್ದಿ ಮಾತಾಡಿದೆ. ಹರಿದ ಕಾಲಿನಲ್ಲಿ ಎರಡು ವಾರ ಆಡಿದವನಿಗೆ ಎದೆಯಿಲ್ಲ ಅಂತ ಬರೆದ ನನ್ನನ್ನು ಮೊದಲು ಹೊರಗೆ ಹಾಕಿ, ಆಮೇಲೆ ಅವನ ಮಾತಾಡಿ ಎಂದೆ. ಡಾಕ್ಟರೂ ಎದ್ದು ನಿಂತರು. ಬಕೆಟ್ಟು ಕಳಿಸಿದೆನೇ ಹೊರತು ಒಂದು ದಿನವೂ ಅವನ ಕಾಲುಚೀಲ ತೆಗೆಸಿ ನೋಡಲಿಲ್ಲ, ಅದು ನನ್ನ ತಪ್ಪು ಎಂದರು. ದೊಡ್ಡ ಮನುಷ್ಯ.

ಹಳೆಯ ಸಾಲು ಹೋಯಿತು. ಈಗ ಹೀಗಿದೆ: "ಇಸಿದ್ರೊ: ಗಾಯಗೊಂಡೂ ಆಡಿದ. ಗುಣವಾದ ಮೇಲೆ ಮತ್ತೆ ಪರೀಕ್ಷಿಸಬೇಕು." ಜೂನ್ ತನಕ ಅವನ ಜಾಗ ತೆರೆದಿರುತ್ತದೆ. ಪತ್ರಿಕೆಯವರು ಇದನ್ನು ಚೌಕಟ್ಟು ಹಾಕಿ ಅಚ್ಚು ಮಾಡುವುದಿಲ್ಲ, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಕೆಳಗೆ ಇನ್ನೊಂದು ಸಾಲನ್ನು ನಾನೇ ಸೇರಿಸಿದೆ: "ಸಹಾಯಕ ಕೋಚ್: ಪಕ್ಷಪಾತಿ ಅನ್ನಿಸಿಕೊಳ್ಳುವ ಹೆದರಿಕೆಯಲ್ಲಿ ಆಟಗಾರನ ಕಾಲು ನೋಡಲಿಲ್ಲ." ಅದನ್ನು ತೆಗೆಯಿರಿ ಎಂದು ಯಾರೂ ಅನ್ನಲಿಲ್ಲ. ಮುಂದಿನ ವರ್ಷ ಅವನು ತಂಡದಲ್ಲಿದ್ದರೂ ನಾನು ಬೆಂಚಿನಲ್ಲಿ ಇರುವುದಿಲ್ಲ. ಶನಿವಾರ ಊರಿಗೆ ಬರುತ್ತೇನೆ, ಐಸಿನ ಬಕೆಟ್ಟು ಹೊರುವ ಕೆಲಸ ನನಗಿರಲಿ.

ಒಂದು ಮಾತು ಉಳಿಯಿತು, ಇದನ್ನು ಪಾಸಿಂಗ್‌ಳಿಗೆ ಓದಿ ಹೇಳಿ. ಸಭೆ ಮುಗಿದ ಮೇಲೆ ಕೈ ತೊಳೆಯಲು ಹೋದೆ. ಅಧ್ಯಕ್ಷರು ನನಗಿಂತ ಮುಂಚೆ ನಲ್ಲಿಯ ಮುಂದೆ ನಿಂತಿದ್ದರು. ನಲ್ಲಿ ತಿರುಗಿಸಿದರು, ತಣ್ಣೀರು ಬಂತು. ಕೈ ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ನೀರನ್ನೇ ನೋಡಿ, ನಲ್ಲಿ ಮುಚ್ಚಿ, ಟವೆಲ್ಲಿನಿಂದ ಕೈ ಒರೆಸಿಕೊಂಡು ಹೊರಟುಹೋದರು.

ಮೇಜು ಗುದ್ದಿ ಗುದ್ದಿ ನನ್ನ ಕೈಯೂ ಬಿಸಿಯಾಗಿತ್ತು. ನಾನೂ ತೊಳೆಯಲಿಲ್ಲ ಮಾರೆ.

ಸಾಂತೊ